ಹಳೆ ಲಾರಿ, ನಿಲ್ಲದ ಆಯಿಲ್ ಸೋರಿಕೆ: ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಕಡೆಯವನು ನಾನು. 2002ರ ಆರು ಗಾಲಿ ಲಾರಿ ಇದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಆಯಿಲ್ ತೊಟ್ಟಿಕ್ಕುತ್ತದೆ. ಇಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ (ಆಯಿಲ್ ಹೊರಗೆ ಬರದಂತೆ ತಡೆಯುವ ಬಳೆ) ಎರಡು ಸಲ ಬದಲಾಯಿಸಿದ್ದಾಯಿತು. ಹದಿನೈದು ದಿನ ಸರಿ ಇರುತ್ತದೆ, ಮತ್ತೆ ಶುರು. ಈಗ ಇಂಜಿನ್ನೇ ಬಿಚ್ಚಬೇಕು ಅನ್ನುತ್ತಿದ್ದಾರೆ. ಏನು ಮಾಡಲಿ?

ಮೊದಲ ಉತ್ತರ, ಹೊಸನಗರದಿಂದ:

ಅಣ್ಣಾ, ಇಂಜಿನ್ ಬಿಚ್ಚಿಸುವ ಮೊದಲು ಬ್ರೀದರ್ ಪೈಪ್ ನೋಡಿ. ಹುಲಿಕಲ್ ಘಾಟಿ ಹತ್ತಿ ಇಳಿಯುವ ಗಾಡಿ ನನ್ನದು. ಮೂರು ಸಲ ಗೇರ್‌ಬಾಕ್ಸ್ ಇಳಿಸಿದೆವು, ಮೂರು ಸಲವೂ ಹೊಸ ಸೀಲ್ ಹಾಕಿದೆವು. ಸೋರುವುದು ನಿಲ್ಲಲೇ ಇಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಆಗ ಕುಂಬಾರ ಹುಳ ಬ್ರೀದರ್ ಪೈಪಿನ ಬಾಯಿಗೆ ಗೂಡು ಕಟ್ಟಿತ್ತು! ತಂತಿ ಹಾಕಿ ಕೆದಕಿದರೆ ಕೆಂಪು ಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಅದರ ಹಿಂದೆ ಮೊಸರಿನ ಹಾಗೆ ಗಟ್ಟಿಯಾದ ಆಯಿಲ್ ಕೆಸರು.

ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗಾಳಿ ಯಾವಾಗಲೂ ಕೆಳಗೆ, ಆಯಿಲ್ ಇರುವ ಚೇಂಬರಿಗೆ ಬರುತ್ತದೆ. ಅದು ಹೊರಗೆ ಹೋಗುವ ದಾರಿಯೇ ಬ್ರೀದರ್. ಆ ದಾರಿ ಮುಚ್ಚಿದರೆ ಒಳಗೆ ಒತ್ತಡ ಏರಿ, ಎಲ್ಲಿ ಬಿಗಿ ಕಡಿಮೆಯೋ ಅಲ್ಲಿಂದ ಆಯಿಲನ್ನು ಹೊರಗೆ ದೂಡುತ್ತದೆ. ಹೊಸ ಸೀಲೂ ಅದಕ್ಕೆ ತಡೆಯುವುದಿಲ್ಲ.

ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಸುಮ್ನೆ ಬಾಯಿ ಮೇಲೆ ಇಡಿ. ಬಿಸಿ ಆಯಿಲ್ ಸಿಡಿಯಬಹುದು, ಮುಖ ದೂರ ಇರಲಿ. ಬ್ರೀದರ್ ಶುದ್ಧ ಇದ್ದೂ ಮುಚ್ಚಳ ಎಗರಿ ಬುಸುಬುಸು ಹೊಗೆ ಬಂದರೆ ರಿಂಗ್ ಸವೆದಿದೆ ಅಂತ ಅನುಮಾನ ಪಡಬಹುದು. ಇಂಜಿನ್ ಕೆಲಸದ ಮಾತು ಆಮೇಲೆ. ಮತ್ತೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡುವಾಗ ಗಾಡಿ ಮಟ್ಟದ ಜಾಗದಲ್ಲಿರಲಿ. ನಮ್ಮ ಇಳಿಜಾರು ಅಂಗಳದಲ್ಲಿ ನೋಡಿ ಆಯಿಲ್ ಜಾಸ್ತಿ ಹಾಕಿಬಿಡುತ್ತೇವೆ.

ಸಾಗರದಿಂದ ಒಬ್ಬರು:

ಸೋರುತ್ತಿರುವುದು ಆ ಸೀಲಿನಿಂದಲೇ ಅಂತ ಯಾರು ನೋಡಿದ್ದಾರೆ? ಆಯಿಲ್ ಮೇಲಿಂದ ಇಳಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಕೊನೆಗೆ ತೊಟ್ಟಿಕ್ಕುವುದು ಗೇರ್‌ಬಾಕ್ಸ್ ಹತ್ತಿರ. ಇಂಜಿನ್ ಪೂರ್ತಿ ತೊಳೆದು ಒಣಗಿಸಿ. ತಣ್ಣಗಿರುವಾಗ ಟಾಲ್ಕಂ ಪೌಡರ್ ಉದುರಿಸಿ, ಹತ್ತು ಕಿಲೋಮೀಟರ್ ಓಡಿಸಿ. ಆಮೇಲೆ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿ. ಎಲ್ಲಕ್ಕಿಂತ ಮೇಲೆ ಒದ್ದೆಯಾದ ಜಾಗವೇ ಮೂಲ. ತೊಟ್ಟಿಕ್ಕಿದ್ದನ್ನು ಮೂಸಿಯೂ ನೋಡಿ. ಗೇರ್ ಆಯಿಲ್ ಆದರೆ ಗಂಧಕದ ವಾಸನೆ ಇರುತ್ತದೆ.

ಶಿವಮೊಗ್ಗದಿಂದ, ಲೇತ್ ಕೆಲಸ ಮಾಡುವವರು:

ಸೀಲಿನದ್ದೇ ತಪ್ಪು ಅಂತಾದರೆ, ಸೀಲ್ ತುಟಿ ಕೂರುವ ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ದಂಡ) ಭಾಗದ ಮೇಲೆ ಉಗುರು ಎಳೆಯಿರಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ಅದೇ ಜಾಗದಲ್ಲಿ ಎಷ್ಟು ಸೀಲ್ ಕೂರಿಸಿದರೂ ಸೋರುತ್ತದೆ. ಜಾಗ ಇದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬಹುದು, ಇಲ್ಲದಿದ್ದರೆ ತೆಳು ಸ್ಲೀವ್ ಹಾಕಬಹುದು. ಸಿಲಿಕಾನ್ ಗಮ್ ಮಾತ್ರ ಸಿಕ್ಕಾಪಟ್ಟೆ ಬಳಿಯಬೇಡಿ. ಒಳಗೆ ಹಿಂಡಿಕೊಂಡು ಬಂದ ಚೂರು ಆಯಿಲ್ ಜಾಲರಿಗೆ ಸಿಕ್ಕಿಕೊಂಡರೆ ಇಂಜಿನ್ನಿಗೇ ಕುತ್ತು.

ಕೇಳಿದವರು, ಹತ್ತು ದಿನದ ಮೇಲೆ:

ಬ್ರೀದರ್ ಶುದ್ಧವಾಗಿತ್ತು. ಪೌಡರ್ ಹಾಕಿ ಕೋಣಂದೂರಿಗೆ ಹೋಗಿ ಬಂದೆ. ಇಂಜಿನ್ ತಲೆ ಮೇಲಿನ ಮುಚ್ಚಳ, ಅದೇ ಟ್ಯಾಪೆಟ್ ಕವರಿನ ಹಿಂಬದಿ ಮೂಲೆಯಿಂದ ಕಪ್ಪು ಗೆರೆಯೊಂದು ನೇರ ಕೆಳಗೆ ಇಳಿದಿತ್ತು! ಸೀಲ್ ಹಾಕಿದಾಗಲೆಲ್ಲ ಇಂಜಿನ್ ತೊಳೆಯುತ್ತಿದ್ದರು. ಅದಕ್ಕೇ ಹದಿನೈದು ದಿನ ಒಣಗಿ ಕಾಣುತ್ತಿತ್ತು, ಅಲ್ವಾ? ಬೋಲ್ಟ್ ಅತಿಯಾಗಿ ಬಿಗಿದು ಕವರಿನ ಅಂಚು ಬಾಗಿತ್ತು. ತಟ್ಟಿ ಮಟ್ಟ ಮಾಡಿ ಹೊಸ ಕಾರ್ಕ್ ಪ್ಯಾಕಿಂಗ್ ಹಾಕಿಸಿದೆ. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸುತ್ತಿದ್ದೇನೆ. ನಾಲ್ಕು ದಿನದಿಂದ ಒಂದು ತೊಟ್ಟೂ ಬಿದ್ದಿಲ್ಲ. ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಸೋಮವಾರ ಅಡಿಕೆ ಲೋಡ್ ಇದೆ, ಹೋಗಿ ಬಂದು ಮತ್ತೆ ತಿಳಿಸುತ್ತೇನೆ.