ಊರಿನ ರಾಜಕೀಯದ ಬಗ್ಗೆ ಹುಡುಗಿಯರೇ ನಡೆಸುವ ಕನ್ನಡ ಪಾಡ್‌ಕಾಸ್ಟ್: ಎಲ್ಲಿಂದ ಶುರು ಮಾಡೋದು?

ಬೆಣ್ಣೆನಗರಿ_ನಾಲ್ವರು ಕೇಳಿದ್ದು:

ನಾವು ದಾವಣಗೆರೆಯಲ್ಲಿ ಡಿಗ್ರಿ ಕೊನೇ ವರ್ಷ ಓದುತ್ತಿರುವ ನಾಲ್ವರು ಹುಡುಗಿಯರು. ಹದಿನೈದು ದಿನಕ್ಕೊಂದರಂತೆ 25 ನಿಮಿಷದ ಕನ್ನಡ ಪಾಡ್‌ಕಾಸ್ಟ್ ಮಾಡಬೇಕು ಅಂತಿದ್ದೇವೆ. ಪಾಲಿಕೆ, ಗ್ರಾಮ ಪಂಚಾಯಿತಿ, ವಿಧಾನಸಭೆಯಲ್ಲಿ ಏನು ನಡೀತಿದೆ, ಅದು ನಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ಹೇಗೆ ತಟ್ಟುತ್ತದೆ ಅನ್ನೋದೇ ವಿಷಯ. ಟಿ.ವಿ. ಚರ್ಚೆಯ ಕೂಗಾಟ ಬೇಡ. ಕೈಯಲ್ಲಿರೋದು ಐದು ಸಾವಿರ ರೂಪಾಯಿ ಮತ್ತು ನಾಲ್ಕು ಫೋನು, ಒಂದು ಲ್ಯಾಪ್‌ಟಾಪ್.

ಮಾಹಿತಿ ಎಲ್ಲಿಂದ ತರೋದು? ಈ ದುಡ್ಡಿನಲ್ಲಿ ಕೇಳುವ ಹಾಗೆ ರೆಕಾರ್ಡ್ ಮಾಡಲು ಆಗುತ್ತಾ? ರಾಜಕಾರಣಿಗಳ ಹೆಸರು ಹಿಡಿದು ಮಾತಾಡಿದರೆ ಕೇಸ್ ಬೀಳುತ್ತಾ? ನಮ್ಮಲ್ಲಿ ಇಬ್ಬರ ಮನೆಯಲ್ಲಿ ಟ್ರೋಲ್ ಮಾಡುವವರ ಬಗ್ಗೆ ಭಯ ಇದೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ವಾರ್ಡ್_ಡೈರಿ:

ಮೊದಲ ಆರು ಕಂತು ಅಭಿಪ್ರಾಯದ ಮೇಲೆ ನಿಲ್ಲಿಸಬೇಡಿ, ಕಾಗದದ ಮೇಲೆ ನಿಲ್ಲಿಸಿ. ದಿಲ್ಲಿ ರಾಜಕೀಯದ ಬಗ್ಗೆ ಮಾತಾಡೋಕೆ ಸಾವಿರ ಜನ ಇದ್ದಾರೆ. ನಿಮ್ಮ ಪಾಲಿಕೆಯ ಬಜೆಟ್ ಪುಸ್ತಕವನ್ನು ಓದಿ ಹೇಳುವ ಇಪ್ಪತ್ತರ ಹುಡುಗಿಯರು ಇಲ್ಲ. ಆ ಜಾಗ ಖಾಲಿ ಇದೆ.

ಒಂದು ಉದಾಹರಣೆ. ಪಾಲಿಕೆಗಳು ತಮ್ಮ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25ನ್ನು ಇತರೆ ಬಡವರಿಗೆ, ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಕಚೇರಿಯಲ್ಲಿ ಎಲ್ಲರೂ ಇದನ್ನು '24.10 ದುಡ್ಡು' ಅಂತಲೇ ಕರೆಯೋದು. ಅದರಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ಸಹಾಯಧನವೂ ಸೇರಿರುತ್ತದೆ. ಕಳೆದ ವರ್ಷ ಎಷ್ಟು ಇಟ್ಟರು, ಎಷ್ಟು ಖರ್ಚಾಯಿತು, ನಿಮ್ಮ ಕಾಲೇಜಿನ ಎಷ್ಟು ಜನ ಅರ್ಜಿ ಹಾಕಿದ್ದರು? ಇಷ್ಟರಲ್ಲೇ ಒಂದು ಕಂತು ಆಗುತ್ತದೆ.

ಕಾಗದ ಸಿಗೋದು ಮಾಹಿತಿ ಹಕ್ಕಿನಲ್ಲಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, ನಮೂನೆ-ಎ, ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಗಡುವು ಮೀರಿದರೆ ಸೆಕ್ಷನ್ 7(6)ರಂತೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು. ಬಹಳಷ್ಟು ಅರ್ಜಿ ಬಿದ್ದುಹೋಗೋದು 'ಯಾಕೆ ರಸ್ತೆ ಹಾಳಾಗಿದೆ?' ಅಂತ ಕೇಳೋದರಿಂದ. 'ಯಾಕೆ' ಅನ್ನೋದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ, ಇರುವ ದಾಖಲೆ ಕೊಡಬೇಕಷ್ಟೆ. ಹೀಗೆ ಬರೆಯಿರಿ: 'ಇಂಥ ವಾರ್ಡಿನ ಇಂಥ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ದೃಢೀಕೃತ ಪ್ರತಿ.' ಅಳತೆ ಪುಸ್ತಕವೇ ಮುಖ್ಯ, ಇಂಜಿನಿಯರ್‌ಗಳು ಎಂ.ಬಿ. ಅನ್ನುತ್ತಾರೆ. ಡಾಂಬರು ಎಷ್ಟು ದಪ್ಪ, ಎಷ್ಟು ಉದ್ದ ಹಾಕಿದ್ದೇವೆಂದು ಅವರೇ ಸಹಿ ಮಾಡಿದ ಲೆಕ್ಕ ಅದರಲ್ಲಿರುತ್ತದೆ. ನೀವು ಟೇಪ್ ಹಿಡಿದು ಅಳೆದು ಎರಡನ್ನೂ ಓದಿ ಹೇಳಿದರೆ ಬೈಯುವ ಅಗತ್ಯವೇ ಬರಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಪಂಚಾಯಿತಿಯ ಲೆಕ್ಕಪತ್ರವನ್ನು ಜನರ ಎದುರು ಪರಿಶೀಲಿಸುವ ಜಮಾಬಂದಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ, ಆ ತಾರೀಕನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ವಿಧಾನಸಭೆಗೆ ಶಾಸಕರು ಹಾಕಿದ ಚುಕ್ಕೆ ಗುರುತಿನ (ಸದನದಲ್ಲೇ ಬಾಯಿಮಾತಿನ ಉತ್ತರ ಕೇಳುವ) ಪ್ರಶ್ನೆಗಳಿಗೆ ಮಂತ್ರಿಗಳು ಕೊಟ್ಟ ಉತ್ತರ ಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತದೆ, ಜಿಲ್ಲೆ ಹೆಸರು ಹುಡುಕಿ ಓದಿ.

ಹೆಣ್ಣುಮಕ್ಕಳ ವಿಷಯ ಎತ್ತುವಾಗ ಎರಡು ಅಂಕಿ ಪಕ್ಕಪಕ್ಕ ಇಡಿ. ರಾಜ್ಯದ ಪಂಚಾಯಿತಿಗಳಲ್ಲಿ ಶೇ. 50 ಮಹಿಳಾ ಮೀಸಲು. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿನ ಸಂವಿಧಾನದ 106ನೇ ತಿದ್ದುಪಡಿ 2023ರಲ್ಲೇ ಅಂಗೀಕಾರವಾಯಿತು, ಆದರೆ ಅದನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಕಟ್ಟಿಹಾಕಲಾಗಿದೆ. ನಿಮ್ಮ ಜಿಲ್ಲೆಯಲ್ಲೇ 2024ರ ಲೋಕಸಭಾ ಚುನಾವಣೆಯ ಮುಖ್ಯ ಪೈಪೋಟಿ ಇಬ್ಬರು ಮಹಿಳೆಯರ ನಡುವೆ ಇತ್ತು, ಇಬ್ಬರೂ ರಾಜಕಾರಣಿಗಳ ಪತ್ನಿಯರು. ಕುಟುಂಬದ ಬೆನ್ನಿಲ್ಲದ ಹೆಣ್ಣುಮಗಳಿಗೆ ಟಿಕೆಟ್ ಸಿಗೋದು ಹೇಗೆ ಅಂತ ಮೂರೂ ಪಕ್ಷದ ಜಿಲ್ಲಾ ಮಹಿಳಾ ಘಟಕದವರನ್ನು ಒಂದೇ ಪ್ರಶ್ನಾಪಟ್ಟಿ ಹಿಡಿದು ಕೇಳಿ.

ಪಂಚಾಯಿತಿ ಅಧ್ಯಕ್ಷೆಗೆ ಫೋನ್ ಮಾಡಿದರೆ ಎಷ್ಟೋ ಕಡೆ ಗಂಡ ಎತ್ತುತ್ತಾರೆ. ಸಂದರ್ಶನವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಪಂಚಾಯಿತಿ ಕಚೇರಿಯಲ್ಲಿ, ಅಧ್ಯಕ್ಷರ ಕುರ್ಚಿಯಲ್ಲೇ ಅವರನ್ನು ಕೂರಿಸಿ ಮಾತಾಡಿಸಿ. ಪ್ರಶ್ನೆಗಳನ್ನು ಎರಡು ದಿನ ಮೊದಲೇ ಅವರ ಕೈಗೆ ಕೊಡಿ.

ಧ್ವನಿಪೆಟ್ಟಿಗೆ:

ಐದು ಸಾವಿರ ಸಾಕು, ಅದರಲ್ಲೂ ಉಳಿಯುತ್ತೆ. ಬೋಯಾ ಎಂ1 ಥರದ ತಂತಿ ಇರುವ ಕಾಲರ್ ಮೈಕ್ ಎರಡು ತಗೊಳ್ಳಿ, ಒಂದಕ್ಕೆ ಸಾವಿರ ರೂಪಾಯಿ ಆಸುಪಾಸು. ಅದರ ಪುಟ್ಟ ಡಬ್ಬಿಯ ಮೇಲೆ ಸ್ವಿಚ್ ಇದೆ, ಫೋನಿಗಾದರೆ 'ಆಫ್/ಸ್ಮಾರ್ಟ್‌ಫೋನ್' ಕಡೆ ಇರಬೇಕು. ಕ್ಯಾಮೆರಾ ಕಡೆ ಬಿಟ್ಟರೆ ಫೋನಿನಲ್ಲಿ ದನಿ ಸರಿಯಾಗಿ ಬರಲ್ಲ. ಫೋನಿಗೆ ಹೆಡ್‌ಫೋನ್ ಜಾಕ್ ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಬೇಕು, ಆದರೆ ಅಗ್ಗದ ಕೆಲವು ಅಡಾಪ್ಟರ್ ಹಾಡು ಕೇಳಿಸುತ್ತವೆ, ಮೈಕ್ ಸಾಗಿಸಲ್ಲ. ಅಂಥಾಗ ಫೋನ್ ಸುಮ್ಮನೆ ತನ್ನ ಸ್ವಂತ ಮೈಕಿನಿಂದ ರೆಕಾರ್ಡ್ ಮಾಡುತ್ತಿರುತ್ತದೆ, ನಿಮಗೆ ಗೊತ್ತೇ ಆಗಲ್ಲ. ಶುರುಮಾಡುವ ಮುಂಚೆ ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆದು ಕೇಳಿ: ಕರಕರ ಜೋರಾಗಿ ಬಂದರೆ ಸರಿ.

ಮೈಕ್ ಹಾಕಿದ ಇಬ್ಬರೂ ಒಂದೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ. ಕಡತ ಡಬ್ಲ್ಯುಎವಿ (ದನಿಯನ್ನು ಕುಗ್ಗಿಸದೆ ಇಡುವ) ರೂಪದಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ ಇರಲಿ. 24 ಬಿಟ್ ಮೊನೊ ಆದರೆ ನಿಮಿಷಕ್ಕೆ 8.6 ಎಂಬಿ, ಒಂದು ಗಂಟೆಗೆ ಅರ್ಧ ಜಿಬಿಗಿಂತ ಸ್ವಲ್ಪ ಹೆಚ್ಚು. ಜಾಗ ಇದೆಯಾ ಮೊದಲೇ ನೋಡಿಕೊಳ್ಳಿ. ಶುರುವಿನಲ್ಲಿ ಒಬ್ಬರು ಒಂದು ಸಲ ಚಪ್ಪಾಳೆ ತಟ್ಟಿ, ಆಮೇಲೆ ದನಿಯ ಅಲೆಯ ಚಿತ್ರದಲ್ಲಿ ಚಪ್ಪಾಳೆಯಿಂದ ಎದ್ದ ಮೊನೆಗಳನ್ನು ಸೇರಿಸಿಯೇ ಎರಡು ಟ್ರ್ಯಾಕ್ ಹೊಂದಿಸೋದು. ಎರಡು ಫೋನಿನ ಗಡಿಯಾರ ಕೂದಲೆಳೆಯಷ್ಟು ಬೇರೆ ಓಡುವುದರಿಂದ ಅರ್ಧ ಗಂಟೆ ಹೊತ್ತಿಗೆ ದನಿ ಹಿಂದೆಮುಂದೆ ಆಗುತ್ತೆ. ಹತ್ತು ನಿಮಿಷಕ್ಕೊಮ್ಮೆ ಮತ್ತೆ ಚಪ್ಪಾಳೆ ತಟ್ಟಿದರೆ ಅಲ್ಲಿ ಕತ್ತರಿಸಿ ಕೂಡಿಸಬಹುದು.

ದನಿಯ ಮಟ್ಟ ಮಾಮೂಲಿ ಮಾತಿಗೆ ಮೈನಸ್ 12 ಡೆಸಿಬೆಲ್ ಹತ್ತಿರ, ನಗುವಾಗ ಮೈನಸ್ 6 ದಾಟಬಾರದು. ಕೆಂಪಿಗೆ ಹೊಡೆದು ಒಡೆದ ದನಿಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ರಿಪೇರಿ ಮಾಡಲ್ಲ. ಸಣ್ಣಗೆ ಬಂದಿದ್ದರೆ ಏರಿಸಬಹುದು.

ಹಾಸ್ಟೆಲ್ ರೂಮಿನ ಸಿಮೆಂಟ್ ಗೋಡೆ ದೊಡ್ಡ ಶತ್ರು. ಫ್ಯಾನ್ ಗದ್ದಲವನ್ನು ಅಡಾಸಿಟಿ ಅನ್ನೋ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸ್ವಲ್ಪ ತಗ್ಗಿಸಬಹುದು, ಪ್ರತಿಧ್ವನಿ ಮಾತ್ರ ಹೋಗಲ್ಲ. ಮಂಚದ ಮೇಲೆ ಕೂತು, ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿ, ಬೀರು ಬಾಗಿಲು ತೆಗೆದಿಡಿ, ಬಟ್ಟೆ ದನಿ ನುಂಗುತ್ತೆ. ಮಾತು ಶುರುವಾಗುವ ಮೊದಲು 10 ಸೆಕೆಂಡ್ ಎಲ್ಲರೂ ಸುಮ್ಮನಿರಿ, ಗದ್ದಲ ತೆಗೆಯಲು ಆ ತುಣುಕು ಬೇಕು. ಕಡಿತ 6ರಿಂದ 9 ಡೆಸಿಬೆಲ್ ಸಾಕು, ಅದಕ್ಕಿಂತ ಹೆಚ್ಚಾದರೆ ದನಿ ನೀರೊಳಗಿಂದ ಬಂದ ಹಾಗಿರುತ್ತೆ. ಪ, ಫ, ಭ ಬಂದಾಗೆಲ್ಲ ಉಸಿರು ಮೈಕಿಗೆ ಬಡಿಯುತ್ತೆ, ಅದಕ್ಕೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಎದೆಯ ಮೇಲೆ ಒಂದು ಗೇಣು ಕೆಳಗೆ ಸಿಕ್ಕಿಸಿ. ದುಪಟ್ಟಾ ಪಿನ್ ಮಾಡಿ, ಉಜ್ಜಬಾರದು.

ಕೊನೆಯಲ್ಲಿ 80 ಹರ್ಟ್ಸ್ ಕೆಳಗಿನ ತಗ್ಗಿನ ದನಿಯನ್ನು ಕತ್ತರಿಸಿ, ಮೊನೊಗೆ ಮೈನಸ್ 19 ಎಲ್‌ಯುಎಫ್‌ಎಸ್‌ಗೆ (ಇಡೀ ಕಂತು ಕಿವಿಗೆ ಎಷ್ಟು ಜೋರು ಅನ್ನೋದರ ಅಳತೆ) ತನ್ನಿ (ಸ್ಟೀರಿಯೊ ಆದರೆ ಮೈನಸ್ 16), ತುದಿ ಮೈನಸ್ 1 ದಾಟದಿರಲಿ. 64 ಕೆಬಿಪಿಎಸ್ ಮೊನೊ ಎಂಪಿ3 ಮಾಡಿದರೆ 25 ನಿಮಿಷದ ಕಂತು 12 ಎಂಬಿ ಆಗುತ್ತೆ, ಹಳ್ಳಿಯಲ್ಲಿ ಡೇಟಾ ಕಮ್ಮಿ ಇರುವವರೂ ಕೇಳ್ತಾರೆ.

ದೊಡ್ಡ ಅಂಕಿ ಕಿವಿಗೆ ನಿಲ್ಲಲ್ಲ. '4,37,82,000' ಅಂತ ಓದಬೇಡಿ, 'ನಾಲ್ಕು ಕೋಟಿ ಮೂವತ್ತೆಂಟು ಲಕ್ಷದ ಹತ್ತಿರ, 45 ವಾರ್ಡಿಗೆ ಹಂಚಿದರೆ ಒಂದಕ್ಕೆ ಹತ್ತು ಲಕ್ಷಕ್ಕೆ ಸ್ವಲ್ಪ ಕಮ್ಮಿ' ಅನ್ನಿ.

ಕರಿಕೋಟು:

ಹೆಸರು ಹಿಡಿದು ಮಾತಾಡಬಹುದು. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356, ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ. ಅದೇ ಸೆಕ್ಷನ್‌ನಲ್ಲಿ ವಿನಾಯಿತಿಗಳೂ ಇವೆ: ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ಸಾರ್ವಜನಿಕ ಕರ್ತವ್ಯದಲ್ಲಿನ ನಡತೆಯ ಬಗ್ಗೆ ಸದ್ಭಾವನೆಯ ಅಭಿಪ್ರಾಯ. 'ದುಡ್ಡು ತಿಂದಿದ್ದಾರೆ' ಅನ್ನೋದು ಆರೋಪ, ಪುರಾವೆ ನೀವೇ ತರಬೇಕು. 'ಅಳತೆ ಪುಸ್ತಕದಲ್ಲಿ ಇಷ್ಟು, ಸ್ಥಳದಲ್ಲಿ ಇಷ್ಟು, ಸಂಬಂಧಪಟ್ಟವರನ್ನು ಕೇಳಿದೆವು, ಉತ್ತರ ಬಂದಿಲ್ಲ' ಅನ್ನೋದು ವರದಿ. ಕೇಳಿದ್ದಕ್ಕೆ ಇಮೇಲ್ ಅಥವಾ ನೋಂದಾಯಿತ ಅಂಚೆಯ ಗುರುತು ಇರಲಿ.

ಅತ್ಯಾಚಾರ ಪ್ರಕರಣ ಚರ್ಚಿಸುವಾಗ ಸಂತ್ರಸ್ತೆಯ ಹೆಸರಷ್ಟೇ ಅಲ್ಲ, ಗುರುತು ಸಿಗುವ ಊರು, ಕಾಲೇಜು, ಸಂಬಂಧಿಕರ ಹೆಸರು ಯಾವುದೂ ಬರಬಾರದು. ಅದೇ ಸಂಹಿತೆಯ ಸೆಕ್ಷನ್ 72, ಎರಡು ವರ್ಷದವರೆಗೆ ಶಿಕ್ಷೆ. ಹದಿನೆಂಟರ ಒಳಗಿನವರಾದರೆ ಪೋಕ್ಸೊ ಸೆಕ್ಷನ್ 23 ಕೂಡ ಸೇರುತ್ತೆ. 'ಎಲ್ಲರಿಗೂ ಗೊತ್ತಿದೆಯಲ್ಲ' ಅನ್ನೋದು ರಕ್ಷಣೆ ಅಲ್ಲ.

ಚುನಾವಣೆ ಹೊತ್ತಿಗೆ ನೆನಪಿಡಿ: ಪಾಲಿಕೆ, ಪಂಚಾಯಿತಿಗೆ ರಾಜ್ಯ ಚುನಾವಣಾ ಆಯೋಗ, ವಿಧಾನಸಭೆ, ಲೋಕಸಭೆಗೆ ಭಾರತ ಚುನಾವಣಾ ಆಯೋಗ. ಎರಡರ ಆದೇಶವನ್ನೂ ಬೇರೆಬೇರೆ ಓದಬೇಕು. ಮತದಾನ ಮುಗಿಯುವ ಮುಂಚಿನ 48 ಗಂಟೆ ಯಾವ ಪಕ್ಷದ, ಅಭ್ಯರ್ಥಿಯ ಪರ-ವಿರೋಧದ ಕಂತೂ ಹೊರಬಿಡಬೇಡಿ. ಮತದಾರರನ್ನು 'ಯಾರಿಗೆ ಹಾಕಿದ್ರಿ' ಅಂತ ಕೇಳಿ ಪ್ರಸಾರ ಮಾಡಿದರೆ ಜನಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 126ಎ ಪ್ರಕಾರ ಮತಗಟ್ಟೆ ಸಮೀಕ್ಷೆಯ ನಿಷೇಧಕ್ಕೆ ಸಿಕ್ಕಿಬೀಳಬಹುದು. ಅಭ್ಯರ್ಥಿ ಒಂದು ರೂಪಾಯಿ ಕೊಟ್ಟರೂ ಅದು ಜಾಹೀರಾತು, ತೆಗೆದುಕೊಳ್ಳಬೇಡಿ.

ಖಾಸಗಿ ಎಫ್‌ಎಂ ಮತ್ತು ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ, ಪಾಡ್‌ಕಾಸ್ಟ್‌ಗೆ ಆ ತಡೆ ಇಲ್ಲ. ಕೋಲಾರದ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯ ಹೆಣ್ಣುಮಕ್ಕಳು ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ತಂತಿಯ ಮೂಲಕ ಊರಿಗೆ ದನಿ ಮುಟ್ಟಿಸಿದ್ದರು. ನಿಮಗೆ ಸಿಕ್ಕಿರುವ ಈ ಸ್ವಾತಂತ್ರ್ಯ ದೊಡ್ಡದು, ಪೂರ್ತಿ ಬಳಸಿ.

ಮೌನೇಶ್ವರಿ_ಹುಬ್ಬಳ್ಳಿ:

ತಂಗ್ಯಾರ, ಮ್ಯಾಲೆ ಹೇಳಿದ್ದೆಲ್ಲ ಖರೆ, ಆದರ ಮಾಹಿತಿ ಹಕ್ಕಿನ ಅರ್ಜಿಯೊಳಗ ಮನಿ ವಿಳಾಸ ಹಾಕಬ್ಯಾಡ್ರಿ. ಅರ್ಜಿ ಕೊಟ್ಟವರ ಹೆಸರು, ವಿಳಾಸ ಗುತ್ತಿಗೆದಾರರ ಕೈಗೆ ಹೋಗೂದು ಅಪರೂಪ ಏನಲ್ಲ. ಪೋಸ್ಟ್ ಬಾಕ್ಸ್ ನಂಬರ್ ಕೊಟ್ಟರ ಸಾಕು ಅಂತ 2013ರಾಗ ಕಲ್ಕತ್ತಾ ಹೈಕೋರ್ಟ್ ಹೇಳೇತಿ. ಇಲ್ಲಾ ಪರಿಚಯದ ವಕೀಲರ ಕಚೇರಿ ವಿಳಾಸ ಕೇಳ್ರಿ.

ಪಾಡ್‌ಕಾಸ್ಟ್ ಫೀಡಿನೊಳಗ (ಆ್ಯಪ್‌ಗಳು ಕಂತುಗಳನ್ನ ಎತ್ತಿಕೊಳ್ಳೋ ಪಟ್ಟಿಯೊಳಗ) ಹಾಕಿದ ಇಮೇಲ್ ಯಾರು ಬೇಕಾದರೂ ನೋಡಬಹುದು, ಅದಕ್ಕ ಹೊಸಾ ಇಮೇಲ್ ಮಾಡ್ರಿ, ಎರಡು ಹಂತದ ಬೀಗ ಹಾಕ್ರಿ. ದೇಣಿಗಿ ಕೇಳಾಕ ಸ್ವಂತ ಯುಪಿಐ ಕೋಡ್ ಹಾಕಿದರ ಬ್ಯಾಂಕಿನಾಗಿರೋ ಪೂರ್ತಿ ಹೆಸರು ಕಾಣತೈತಿ. ಗ್ರಾಮಸಭೆಗೆ ಹೋಗೂದನ್ನ ಮೊದಲ ಹೇಳಬ್ಯಾಡ್ರಿ, ಬಂದ ಮ್ಯಾಲೆ ಹಾಕ್ರಿ.

ಯೂಟ್ಯೂಬಿನಾಗ ಕಾಮೆಂಟುಗಳನ್ನ ಪರಿಶೀಲನೆಗೆ ತಡೆಹಿಡಿಯುವ ಹಾಗ ಇಡ್ರಿ. ಬೈಗುಳದ ಪಟ್ಟಿ ಕನ್ನಡ ಲಿಪಿಯೊಳಗೂ ಹಾಕ್ರಿ, ಇಂಗ್ಲಿಷ್ ಅಕ್ಷರದಾಗ ಬರೆಯೋ ನಾಕೈದು ಥರದ ಕಾಗುಣಿತದೊಳಗೂ ಹಾಕ್ರಿ. ಒಂದ ಲಿಪಿ ಹಾಕಿದರ ಅರ್ಧಕ್ಕರ್ಧ ತೂರಿ ಬರತಾವು. ಬೆದರಿಕಿ ಬಂದರ ಬ್ಲಾಕ್ ಮಾಡೂ ಮೊದಲ ಸ್ಕ್ರೀನ್‌ಶಾಟ್, ಕೊಂಡಿ, ಆ ಖಾತೆಯ ವಿಳಾಸ, ತಾರೀಕು ತಗೊಳ್ರಿ. ಆಮ್ಯಾಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಾಗ ಇಲ್ಲಾ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಯೊಳಗ ದೂರು. ಬೆನ್ನು ಹತ್ತೂದು ನ್ಯಾಯ ಸಂಹಿತೆಯ ಸೆಕ್ಷನ್ 78, ಮರ್ಯಾದೆ ಕಳೆಯೋ ಮಾತು 79. ಕಾಮೆಂಟ್ ಓದೂ ಕೆಲಸ ವಾರಕ್ಕೊಬ್ಬರಂತ ಹಂಚಿಕೊಳ್ರಿ, ಒಬ್ಬಾಕಿ ಮ್ಯಾಲೆ ಬೀಳಬಾರದು.

ಅಂಗನವಾಡಿ, ಆಶಾ ಕಾರ್ಯಕರ್ತೆಯರು ಹೆಸರು ಬ್ಯಾಡ ಅಂದರ ದನಿ ದಪ್ಪ-ಸಣ್ಣ ಮಾಡಿ ಹಾಕಬ್ಯಾಡ್ರಿ, ಅದನ್ನ ತಿರುಗಿ ಮೂಲಕ್ಕ ತರಬಹುದು. ಅವರ ಮಾತು ಬರಕೊಂಡು ನಿಮ್ಮೊಳಗ ಒಬ್ಬರು ಓದ್ರಿ, ಹಂಗಂತ ಕೇಳುವವರಿಗೂ ಹೇಳ್ರಿ.

ಬೆಣ್ಣೆನಗರಿ_ನಾಲ್ವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಕಂತು ಮತದಾರರ ಪಟ್ಟಿ ಬಗ್ಗೆ ಮಾಡೋಣ ಅಂತಿದ್ದೇವೆ, ನಮ್ಮ ಕ್ಲಾಸಿನಲ್ಲಿ ಸುಮಾರು ಜನರ ಹೆಸರೇ ಸೇರಿಲ್ಲ. ಹಾಸ್ಟೆಲ್‌ನವರು, ಮದುವೆಯಾದವರು ಏನು ಮಾಡಬೇಕು?

ವಾರ್ಡ್_ಡೈರಿ:

ಹೊಸದಾಗಿ ಸೇರಲು ನಮೂನೆ 6. ಈಗ ಅರ್ಹತಾ ದಿನ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಮದುವೆಯಾಗಿ ಊರು ಬದಲಾದವರು ಹೊಸದಾಗಿ ನಮೂನೆ 6 ಹಾಕಬಾರದು, ಎರಡು ಕಡೆ ಹೆಸರು ಬರುತ್ತೆ. ಅವರಿಗೆ ನಮೂನೆ 8. ಹಾಸ್ಟೆಲ್‌ನವರು ಓದುವ ಊರಲ್ಲಾದರೂ ಸೇರಬಹುದು, ಮನೆ ಊರಲ್ಲಾದರೂ ಸೇರಬಹುದು, ಎರಡರಲ್ಲಿ ಒಂದೇ. ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ನೋಡುವಾಗ ಗುರುತಿನ ಚೀಟಿಯ ಸಂಖ್ಯೆ ಹಾಕಿ ಹುಡುಕಿ, ಹೆಸರು ಹಾಕಿದರೆ ಕಾಗುಣಿತ ಬೇರೆಯಾಗಿ ಸಿಗದೇ ಹೋಗಬಹುದು. ಕಂತಿನಲ್ಲಿ ನಿಮ್ಮ ಭಾಗದ ಬಿ.ಎಲ್.ಒ. (ಮತಗಟ್ಟೆ ಮಟ್ಟದ ಅಧಿಕಾರಿ) ಅವರನ್ನು ಮಾತಾಡಿಸೋಕೆ ಹೊರಟರೆ ಮೊದಲು ತಹಶೀಲ್ದಾರ್ ಕಚೇರಿಯಲ್ಲಿ ಒಪ್ಪಿಗೆ ಕೇಳಿ, ಅವರು ಸರ್ಕಾರಿ ಕೆಲಸದಲ್ಲಿರುವವರು, ಅವರಿಗೆ ತೊಂದರೆ ಆಗಬಾರದು.