ಎರಡು ಸ್ಲೈಸ್ ಬ್ರೆಡ್ಡಿನ ನಡುವೆ ನಮ್ಮ ಅಡುಗೆ

ಶಾಲೆಯ ಡಬ್ಬಿಗೆ ಏನು ಕಟ್ಟಿಕೊಡುವುದು ಎಂಬ ಪ್ರಶ್ನೆ ಇಂಗ್ಲೆಂಡಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಇಂದಲ್ಲ ನಾಳೆ ಏಳುತ್ತದೆ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ 2014ರ ಸೆಪ್ಟೆಂಬರ್‌ನಿಂದ ರಿಸೆಪ್ಷನ್, ಇಯರ್ ಒನ್ ಮತ್ತು ಇಯರ್ ಟೂ ಮಕ್ಕಳಿಗೆ ಮಧ್ಯಾಹ್ನದ ಊಟ ಉಚಿತವಾಗಿರುವುದರಿಂದ ಮೊದಲ ಮೂರು ವರ್ಷ ಈ ಯೋಚನೆ ಅಷ್ಟಾಗಿ ಕಾಡುವುದಿಲ್ಲ. ಲಂಡನ್ನಿನಲ್ಲಿ ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳಿಗೂ ಆ ಸೌಲಭ್ಯವಿದೆ. ಉಳಿದ ಬಹುಪಾಲು ಕಡೆ ಏಳು ವರ್ಷ ತುಂಬಿದ ಮಗು ಡಬ್ಬಿ ಹಿಡಿದು ಹೊರಡುತ್ತದೆ, ಮತ್ತು ಪಕ್ಕದವರ ಡಬ್ಬಿಯಲ್ಲೇನಿದೆ ಎಂದು ನೋಡುವ ವಯಸ್ಸೂ ಅದೇ ಆಗಿರುತ್ತದೆ. ಚಿತ್ರಾನ್ನ ಬೇಡ, ಇಡ್ಲಿ ಬೇಡ, ಎಲ್ಲರಂತೆ ಸ್ಯಾಂಡ್‌ವಿಚ್ ಬೇಕು ಎನ್ನುತ್ತದೆ. ಮನೆಯ ರುಚಿ ಮಕ್ಕಳ ಕೈತಪ್ಪಿತು ಎಂದು ಆಗ ಹೆತ್ತವರು ನೊಂದುಕೊಳ್ಳುವುದನ್ನು ಕಂಡಿದ್ದೇನೆ. ಹಾಗೆ ನೊಂದುಕೊಳ್ಳಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮಗು ಕೇಳುತ್ತಿರುವುದು ಬ್ರೆಡ್ಡನ್ನು ಮಾತ್ರ. ಅದರ ನಡುವೆ ಏನಿರಬೇಕು ಎಂಬುದು ಇನ್ನೂ ನಮ್ಮ ಅಡುಗೆಮನೆಯ ಕೈಯಲ್ಲೇ ಇದೆ.

ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಡಬ್ಬಿಗೆ ಹೋಗುವುದು ಚಟ್ನಿಪುಡಿಯ ಸ್ಯಾಂಡ್‌ವಿಚ್. ಎರಡೂ ಸ್ಲೈಸಿಗೆ ಅಂಚಿನವರೆಗೆ ಬೆಣ್ಣೆ ಸವರಿ, ಒಂದರ ಮೇಲೆ ಪುಡಿಯನ್ನು ತೆಳ್ಳಗೆ ಉದುರಿಸಿ, ಚಮಚದ ಬೆನ್ನಿನಿಂದ ಒತ್ತಿ, ಮೇಲೆ ಇನ್ನೊಂದನ್ನು ಮುಚ್ಚಿದರೆ ಮಧ್ಯಾಹ್ನದವರೆಗೂ ಬ್ರೆಡ್ ಒದ್ದೆಯಾಗುವುದಿಲ್ಲ, ಪುಡಿಯೂ ಉದುರುವುದಿಲ್ಲ. ಆದರೆ ಇಲ್ಲೊಂದು ವಿಷಯವನ್ನು ಹೊಸಬರು ಗಂಭೀರವಾಗಿ ಪರಿಗಣಿಸಬೇಕು. ಅಲರ್ಜಿಯುಳ್ಳ ಮಕ್ಕಳ ಸುರಕ್ಷತೆಗಾಗಿ ಅನೇಕ ಶಾಲೆಗಳು ಕಡಲೇಕಾಯಿ ಮತ್ತು ಗೋಡಂಬಿ, ಬಾದಾಮಿಯಂಥ ಬೀಜಗಳನ್ನು ಡಬ್ಬಿಯಲ್ಲಿ ತರಬಾರದೆಂದು ಹೇಳುತ್ತವೆ, ಕೆಲವು ಶಾಲೆಗಳು ಎಳ್ಳನ್ನೂ ಸೇರಿಸುತ್ತವೆ. ಇಲ್ಲಿನ ಕಾನೂನು ಪಟ್ಟಿ ಮಾಡಿರುವ 14 ಅಲರ್ಜಿಕಾರಕ ಪದಾರ್ಥಗಳಲ್ಲಿ ಕಡಲೇಕಾಯಿ, ಎಳ್ಳು, ಸಾಸಿವೆ ಮೂರೂ ಇವೆ. ನಮ್ಮ ಅಡುಗೆಯಲ್ಲಿ ಈ ಮೂರೂ ಎಷ್ಟು ಸಹಜವಾಗಿ ಬೆರೆತಿವೆಯೆಂಬುದು ಎಲ್ಲರಿಗೂ ತಿಳಿದದ್ದೇ. ಮಗುವಿನ ಬೆರಳಿಗಂಟಿದ ಶೇಂಗಾ ಪುಡಿಯಿಂದ ಪಕ್ಕದ ಮಗುವಿನ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ ಈ ನಿಯಮವನ್ನು ಅತಿರೇಕವೆಂದು ಭಾವಿಸುವುದು ಸರಿಯಲ್ಲ. ಶೇಂಗಾ ಪುಡಿ ಮನೆಯಲ್ಲೇ ಇರಲಿ. ಶಾಲೆಗೆ ಹುರಿಗಡಲೆ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಹುಣಸೆಹಣ್ಣು, ಚೂರು ಬೆಲ್ಲ ಸೇರಿಸಿ ಬೇರೆಯೇ ಪುಡಿಯನ್ನು ಮಾಡಿಟ್ಟುಕೊಂಡು, ಅದರಲ್ಲಿ ಏನೇನಿದೆಯೆಂದು ತರಗತಿಯ ಶಿಕ್ಷಕರಿಗೆ ಮೊದಲೇ ಬರೆದು ತಿಳಿಸಿದರೆ ಒಳ್ಳೆಯದು. ಶೇಂಗಾ ಪುಡಿ ಮಾಡಿದ ಮಿಕ್ಸಿ ಜಾರನ್ನು ಇದಕ್ಕೆ ಬಳಸದಿರುವುದು ಇನ್ನೂ ಒಳ್ಳೆಯದು.

ನಿಂಬೆಕಾಯಿ ಉಪ್ಪಿನಕಾಯಿ ಮತ್ತು ಚೆಡ್ಡಾರ್ ಚೀಸ್ ಎಂದರೆ ಊರಿನಿಂದ ಬಂದ ನೆಂಟರು ಹುಬ್ಬೇರಿಸುತ್ತಾರೆ. ಇಲ್ಲಿನವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ, ಏಕೆಂದರೆ 1922ರಿಂದ ತಯಾರಾಗುತ್ತಿರುವ, ತರಕಾರಿ ಚೂರುಗಳ ಸಿಹಿಹುಳಿ ಬ್ರಾನ್‌ಸ್ಟನ್ ಪಿಕಲ್ ಜೊತೆ ಚೆಡ್ಡಾರ್ ಸೇರಿಸಿ ತಿನ್ನುವುದು ಅವರ ಮನೆಮಾತಾಗಿರುವ ರೂಢಿ. ನಮ್ಮಲ್ಲಿ ಚೆನ್ನಾಗಿ ಕಳಿತ ಹಳೆಯ ಉಪ್ಪಿನಕಾಯಿಯ ಒಂದೇ ಹೋಳನ್ನು ಸಣ್ಣಗೆ ಕೊಚ್ಚಿ ಚೀಸಿನ ಮೇಲೆ ಹರಡುತ್ತೇವೆ. ನಮ್ಮ ಅತ್ತೆಯವರು ಮೊದಲು ಮಕ್ಕಳ ತಟ್ಟೆಯಿಂದ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡರು. ಅನಂತರ ಸಂಜೆಯ ಕಾಫಿಯ ಜೊತೆ ಅದನ್ನೇ ಕೇಳತೊಡಗಿದರು.

ಆ ಪಿಕಲ್‌ಗೆ ಹೆಸರು ಕೊಟ್ಟ ಬ್ರಾನ್‌ಸ್ಟನ್ ಊರಿನ ಪಕ್ಕದ ಬರ್ಟನ್ ಪಟ್ಟಣದಲ್ಲೇ, ಅಲ್ಲಿನ ಬಿಯರ್ ಕಾರ್ಖಾನೆಗಳಲ್ಲಿ ಉಳಿಯುತ್ತಿದ್ದ ಯೀಸ್ಟನ್ನು ಬಳಸಿ 1902ರಲ್ಲಿ ಶುರುವಾದದ್ದು ಮಾರ್ಮೈಟ್. ಕಪ್ಪಗೆ, ಅಂಟಂಟಾಗಿ, ಕಟುವಾಗಿ ಉಪ್ಪಿರುವ ಈ ಪದಾರ್ಥವನ್ನು ಮಕ್ಕಳು ಗೆಳೆಯರ ಮನೆಯಿಂದ ಕಲಿತು ಬಂದರು. ಇದು ಸಸ್ಯಾಹಾರ, ಜೊತೆಗೆ ಇದರಲ್ಲಿ ಬಿ12 ಸೇರಿಸಿರುತ್ತಾರೆ ಎಂಬುದು ನಮ್ಮಂಥ ಸಸ್ಯಾಹಾರಿ ಮನೆಗಳಿಗೆ ಉಪಯುಕ್ತ. ಬೆಣ್ಣೆಯ ಮೇಲೆ ಕಂಡೂ ಕಾಣದಷ್ಟು ಸವರಿ, ಹೆಸರುಬೇಳೆ ಕೋಸಂಬರಿಯನ್ನು ಹರಡುವುದು ನಮ್ಮ ಪದ್ಧತಿ. ಮಾರ್ಮೈಟಿನಲ್ಲೇ ಉಪ್ಪಿರುವುದರಿಂದ ಕೋಸಂಬರಿಗೆ ಉಪ್ಪು ಹಾಕುವುದಿಲ್ಲ. ಹಾಗಾಗಿ ಸೌತೆಕಾಯಿ ಬೇಗ ನೀರೂ ಬಿಡುವುದಿಲ್ಲ. ತುರಿದ ಸೌತೆಕಾಯಿಯನ್ನು ಬಟ್ಟೆಯಲ್ಲಿ ಹಿಂಡಿ, ನೆನೆದ ಬೇಳೆಯ ನೀರನ್ನು ಪೂರ್ತಿ ಬಸಿದೇ ಬೆರೆಸಬೇಕು.

ಬೀಟ್‌ರೂಟ್ ಪಲ್ಯ, ಬಾಳೆಹಣ್ಣು ಮತ್ತು ಬೆಲ್ಲದ ಪುಡಿ, ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಟೋಸ್ಟನ್ನು ನೆನಪಿಸುವ ಈರುಳ್ಳಿ–ಕ್ಯಾರೆಟ್ ಮಸಾಲೆ ಇವೆಲ್ಲ ವಾರದೊಳಗೆ ಬಂದುಹೋಗುತ್ತವೆ. ಇಲ್ಲಿನ ಮಕ್ಕಳು ಸ್ಯಾಂಡ್‌ವಿಚ್ಚಿನೊಳಗೆ ಆಲೂಗಡ್ಡೆ ಕ್ರಿಸ್ಪ್ಸ್ ಇಟ್ಟು ಒತ್ತಿ ತಿನ್ನುವುದನ್ನು ನೋಡಿ ನಮ್ಮವರು ಕೋಡುಬಳೆಯನ್ನು ಮುರಿದು ಹಾಕಿಕೊಳ್ಳತೊಡಗಿದ್ದಾರೆ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಯುಗಾದಿಯ ಮರುದಿನದ್ದು: ಉಳಿದ ಕಡಲೆಬೇಳೆ ಹೂರಣವನ್ನು ಬ್ರೆಡ್ಡಿನ ನಡುವೆ ಹರಡಿ, ಹೊರಗೆ ತುಪ್ಪ ಸವರಿ, ಕಾವಲಿಯ ಮೇಲೆ ಎರಡೂ ಬದಿ ಹೊಂಬಣ್ಣ ಬರುವವರೆಗೆ ಕಾಯಿಸಿದರೆ ಅಂಚಿನಲ್ಲಿ ಬೆಲ್ಲ ಸ್ವಲ್ಪ ಕರಗಿ ಗರಿಗರಿಯಾಗಿ ಹಿಡಿಯುತ್ತದೆ. ಕೆಲಸದ ದಿನ ಬಂದ ಹಬ್ಬಕ್ಕೆ ರಾತ್ರಿ ಹೋಳಿಗೆ ಲಟ್ಟಿಸಲಾಗದ ಮನೆಯವರು ಹೂರಣವನ್ನಷ್ಟೇ ಮಾಡಿಕೊಂಡು ಹೀಗೆ ಬಡಿಸಿದರೂ ಹಬ್ಬಕ್ಕೆ ಕುಂದಿಲ್ಲ ಎಂದು ನಾನು ಭಾವಿಸುತ್ತೇನೆ.

ಉತ್ತರ ಕರ್ನಾಟಕದ ಓದುಗರಲ್ಲಿ ಒಂದು ವಿನಂತಿ. ಅಗಸೆ ಆ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿಲ್ಲ. ಆದ್ದರಿಂದ ಶೇಂಗಾ, ಎಳ್ಳು ಎರಡೂ ಇಲ್ಲದ ಅಗಸೆ ಹಿಂಡಿಯನ್ನು, ಅಂದರೆ ಅಗಸೆಯ ಚಟ್ನಿಪುಡಿಯನ್ನು, ಶಾಲೆಯ ಡಬ್ಬಿಗೆ ಬಳಸಬೇಕೆಂದಿದ್ದೇವೆ. ಮಕ್ಕಳಿಗೆ ಒಪ್ಪುವಂತೆ ಖಾರ ತಗ್ಗಿಸಿ ಮಾಡುವ ಅಳತೆಯನ್ನು, ಅಗಸೆಯನ್ನು ಎಷ್ಟು ಹದವಾಗಿ ಹುರಿಯಬೇಕೆಂಬುದನ್ನು ಬಲ್ಲವರು ದಯವಿಟ್ಟು ಬರೆಯಿರಿ.