ಸಿಡ್ನಿಯ ಪವರ್‌ಹೌಸ್ ಮ್ಯೂಸಿಯಂ: ಅಲ್ಟಿಮೋದಲ್ಲೇ ಉಳಿಸಿದ್ದು ಸರೀನಾ?

ಸುಬ್ಬು_ಸಿಡ್ನಿ: ಸಿಟಿ ನಡುವಿನ ಅಲ್ಟಿಮೋ ಬಡಾವಣೆಯಲ್ಲಿರೋ ಪವರ್‌ಹೌಸನ್ನು ಪೂರ್ತಿ ಸಿಡ್ನಿಯ ಪಶ್ಚಿಮದ ಪ್ಯಾರಮ್ಯಾಟಾಕ್ಕೆ ಸಾಗಿಸುತ್ತೇವೆ ಅಂತ ಸರ್ಕಾರ ಹೇಳಿತ್ತು. ಜನ ಗಲಾಟೆ ಮಾಡಿದರು. 2020ರ ಜುಲೈನಲ್ಲಿ ಮಾತು ಬದಲಾಯಿತು: ಅಲ್ಟಿಮೋದಲ್ಲೂ ಇರುತ್ತದೆ, ಪ್ಯಾರಮ್ಯಾಟಾದಲ್ಲೂ ಹೊಸದು ಕಟ್ಟುತ್ತೇವೆ. 2024ರ ಫೆಬ್ರವರಿಯಲ್ಲಿ ಅಲ್ಟಿಮೋದ್ದು ರಿಪೇರಿಗೆ ಅಂತ ಬಾಗಿಲು ಹಾಕಿತು. ನನ್ನ ಪ್ರಕಾರ ಇದು ಸುಮ್ನೆ ಡಬಲ್ ಖರ್ಚು. ಹಳೇ ಇಟ್ಟಿಗೆ ಗೋಡೆ ಮೇಲೆ ಯಾಕಿಷ್ಟು ಮೋಹ?

ಗೀತಕ್ಕ: ಬರೀ ಗೋಡೆ ಅಲ್ಲಪ್ಪಾ. ಅದು 1899ರಲ್ಲಿ ಶುರುವಾದ ವಿದ್ಯುತ್ ಕೇಂದ್ರ. ಊರಿನ ಟ್ರಾಮ್‌ಗಳಿಗೆ ಕರೆಂಟ್ ಅಲ್ಲಿಂದಲೇ ಹೋಗುತ್ತಿತ್ತು. 1961ಕ್ಕೆ ಟ್ರಾಮ್ ನಿಂತಿತು, 1963ಕ್ಕೆ ಕೇಂದ್ರವೂ ಮುಚ್ಚಿತು. 1988ರಲ್ಲಿ ಮ್ಯೂಸಿಯಂ ಆಯಿತು. ಬಾಯ್ಲರ್‌ಗಳಿದ್ದ ಹಾಲ್‌ನಲ್ಲೇ ಕ್ಯಾಟಲೀನಾ ವಿಮಾನ ತೂಗು ಹಾಕಿದ್ದರು ನೋಡಿ. ಇಷ್ಟು ಎತ್ತರ ಯಾಕೆ ಅಂತ ಮಗ ಕೇಳಿದ. ಬಾಯ್ಲರ್ ಕಥೆ ಹೇಳಿದೆ. ಹೊಸ ಕಟ್ಟಡದಲ್ಲಿ ಆ ಪ್ರಶ್ನೆಯೇ ಹುಟ್ಟಲ್ಲ.

ಹಳೇಗಾಡಿ: ಅಲ್ಲಿನ ಬೋಲ್ಟನ್ ಆಂಡ್ ವಾಟ್ ಹಬೆ ಎಂಜಿನ್ ಮರೆತಿರಾ? 1785ರದ್ದು. ಮೇಲೆ-ಕೆಳಗೆ ಆಡೋದನ್ನು ಗಿರಗಿರ ಸುತ್ತೋ ಹಾಗೆ ಮಾಡೋ ಕ್ರ್ಯಾಂಕ್‌ನ ಪೇಟೆಂಟ್ ಬೇರೆಯವರ ಕೈಲಿತ್ತು. ಅದಕ್ಕೇ ಇದರಲ್ಲಿ ಒಂದು ಹಲ್ಲಿನ ಚಕ್ರದ ಸುತ್ತ ಇನ್ನೊಂದು ಸುತ್ತುತ್ತದೆ, ಸೂರ್ಯನ ಸುತ್ತ ಗ್ರಹದ ಹಾಗೆ. ಪೇಟೆಂಟ್ ಜಗಳಕ್ಕೆ ಇಷ್ಟು ಚಂದದ ಉತ್ತರ ನಾನು ಬೇರೆಲ್ಲೂ ನೋಡಿಲ್ಲ. ನಿಜವಾದ ಹಬೆಯಲ್ಲೇ ಓಡಿಸಿ ತೋರಿಸುತ್ತಿದ್ದರು.

ಸುಬ್ಬು_ಸಿಡ್ನಿ: ಅದು ಅಲ್ಟಿಮೋದಲ್ಲಿ ಹುಟ್ಟಿದ್ದಲ್ವಲ್ಲ ಸಾರ್! ಲಂಡನ್ನಿನ ವಿಟ್‌ಬ್ರೆಡ್ ಬಿಯರ್ ಕಾರ್ಖಾನೆಯಲ್ಲಿ 102 ವರ್ಷ ದುಡಿದು, 1887ರಲ್ಲಿ ನಿಂತು, ಆಮೇಲೆ ಹಡಗು ಹತ್ತಿ ಬಂದಿದ್ದು. ಅರ್ಧ ಭೂಮಿ ದಾಟಿದ್ದಕ್ಕೆ ಪ್ಯಾರಮ್ಯಾಟಾ ದೂರವಾ?

ಹಳೇಗಾಡಿ: ಸಿಕ್ಕಿಬಿದ್ದೆ. ಆದರೂ ಬಿಚ್ಚಿ ಸಾಗಿಸೋದು ಬೇರೆ, ಜೋಡಿಸಿ ಮತ್ತೆ ಓಡಿಸೋದು ಬೇರೆ. ಅಡಿಪಾಯ ಬೇಕು, ಹಬೆಯ ಪೈಪು ಬೇಕು.

ಪದ್ಮ_ಪ್ಯಾರಮ್ಯಾಟಾ: ನಮ್ಮೂರಿನ ಪರ ಮಾತಾಡೋರು ಒಂದು ಮಾತು ಕೇಳಿ. ಈ ಹೊಸ ಮ್ಯೂಸಿಯಂಗೆ ಜಾಗ ಮಾಡಲು 2021ರಲ್ಲಿ ವಿಲೋ ಗ್ರೋವ್ ಅನ್ನೋ ಹಳೇ ಬಂಗಲೆಯನ್ನು ಬಿಚ್ಚಿದರು. ಹಳೇದನ್ನು ಉಳಿಸೋ ಮ್ಯೂಸಿಯಂಗೆ ಹಳೇ ಮನೆ ಬಲಿ! ಮ್ಯೂಸಿಯಂ ನಮಗೂ ಬೇಕು, ಮಕ್ಕಳನ್ನು ಕರಕೊಂಡು ಪ್ರತಿ ಸಲ ಸಿಟಿಗೆ ಹೋಗೋದು ಸುಲಭವಲ್ಲ. ಆದರೆ ಇದು ನುಂಗೋಕೆ ಕಷ್ಟ.

ಮಲ್ಲೇಶ್ವರದ_ಮಾವ: ಬೆಂಗಳೂರಿಂದ ಓದುತ್ತಿದ್ದೇನೆ. ಕಬ್ಬನ್ ಪಾರ್ಕ್ ಪಕ್ಕದ ನಮ್ಮ ವಿಶ್ವೇಶ್ವರಯ್ಯ ಮ್ಯೂಸಿಯಂ 1960ರ ದಶಕದಲ್ಲಿ ಮ್ಯೂಸಿಯಂಗೆ ಅಂತಲೇ ಕಟ್ಟಿದ್ದು. ಮಕ್ಕಳು ಅಲ್ಲೂ ಕುಣಿಯುತ್ತಾರೆ. ಕಟ್ಟಡಕ್ಕಿಂತ ಒಳಗೇನಿದೆ ಅನ್ನೋದು ಮುಖ್ಯ ಅಲ್ವಾ?

ಗೀತಕ್ಕ: ಒಪ್ಪಿದೆ ಮಾವ. ಆದರೆ ಇಲ್ಲಿ ಕಟ್ಟಡವೂ ಒಳಗಿನ ವಸ್ತುಗಳಲ್ಲಿ ಒಂದು.

ಸುಬ್ಬು_ಸಿಡ್ನಿ: ಸರಿ, ಎಂಜಿನ್ ಅಲ್ಟಿಮೋದಲ್ಲೇ ಇರಲಿ. 1855ರಲ್ಲಿ ಸಿಡ್ನಿ–ಪ್ಯಾರಮ್ಯಾಟಾ ರೈಲು ಮಾರ್ಗ ಶುರುವಾದಾಗ ಓಡಿದ ಲೋಕೊಮೋಟಿವ್ ನಂಬರ್ 1 ಇದೆಯಲ್ಲ, ಅದನ್ನಾದರೂ ನಮ್ಮ ಕಡೆ ಕಳಿಸಿ. ದಾರಿ ಅದಕ್ಕೇ ಗೊತ್ತು.